ಸಹಿ ಹಾಕಿದವನ ಸವಾರಿ

ಹೆಂಡತಿ ಅಂಗಿಗೆ ಇಸ್ತ್ರಿ ಹಾಕುತ್ತ ಹಾಡು ಗುನುಗುತ್ತಿದ್ದದ್ದು ಅವನಿಗೆ ಸರಿಬರಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇಸ್ತ್ರಿ ಹಾಕುವಾಗ ಅವಳು ಗೊಣಗಿದ್ದುಂಟು, ಗುನುಗಿದ್ದಿಲ್ಲ. ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದವನು ಕೈ ತಡೆದು ಕಿವಿಗೊಟ್ಟ. ಇವಳಿಗೂ ಏನಾದರೂ ಗೊತ್ತಾಗಿದೆಯೇ? ಪತ್ರ ಬಂದಾಗಿನಿಂದ ಹೀಗೇ ಆಗಿದೆ, ಯಾರಾದರೂ ನಕ್ಕರೆ ಯಾಕೆ ನಕ್ಕರು ಅನ್ನಿಸುತ್ತದೆ, ನಗದಿದ್ದರೆ ಯಾಕೆ ನಗಲಿಲ್ಲ ಅನ್ನಿಸುತ್ತದೆ. ಎಂಜಿನಿಯರಿಂಗ್ ಮತ್ತು ತಂತ್ರಜ್ಞಾನದಲ್ಲಿ ಅಸಾಧಾರಣ ಸಾಧನೆ ಮಾಡಿದವರಿಗೆ ಕೊಡುವ ಪ್ರಶಸ್ತಿಯ ಕೊನೆಯ ಸುತ್ತಿಗೆ ತಮ್ಮ ಹೆಸರು ಬಂದಿದೆ, ತಾವು ವಿನ್ಯಾಸ ಮಾಡಿದ ಲಿಫ್ಟ್ ಬ್ರೇಕನ್ನು ತೀರ್ಪುಗಾರರು ಕಾರ್ಖಾನೆಗೇ ಬಂದು ನೋಡುತ್ತಾರೆ ಎಂದಿತ್ತು ಪತ್ರದಲ್ಲಿ. ಆ ನೋಡುವ ದಿನ ಇವತ್ತು. "ಯಾಕ್ರೀ ಹಾಗೆ ನಿಂತ್ರಿ, ಕುಯ್ಕೊಂಡ್ರಾ?" ಅಂದಳು ಹೆಂಡತಿ. ಇಲ್ಲ ಅಂದ. "ನಿಮ್ಮ ಮುಖ ನೋಡಿದ್ರೆ ಪ್ರಶಸ್ತಿ ತಗೊಳ್ಳೋಕೆ ಹೊರಟವರ ಹಾಗಿಲ್ಲ, ಹಲ್ಲು ಕೀಳಿಸ್ಕೊಳ್ಳೋಕೆ ಹೊರಟ ಹಾಗಿದೆ" ಅಂದು ಅವಳು ಮತ್ತೆ ಗುನುಗತೊಡಗಿದಳು. ತಮಾಷೆಗೇ ಅಂದದ್ದು. ಆದರೂ ಆ ಮಾತು ಅವನನ್ನು ಬಸ್ಸಿನ ತನಕ ಬೆನ್ನಟ್ಟಿ ಬಂತು.

ಬಸ್ಸಿನಲ್ಲಿ ಪಕ್ಕದ ಮನೆಯ ಗುಮಾಸ್ತ ಜಾಗ ಬಿಟ್ಟುಕೊಟ್ಟ. "ಕೂತ್ಕೊಳ್ಳಿ ಸರ್, ನಿಮ್ಮಂಥೋರು ನಿಂತ್ಕೊಂಡು ಹೋಗ್ಬಾರ್ದು" ಅಂದ. ನಿಮ್ಮಂಥೋರು ಅಂದರೆ ಎಂಥವರು? ಕೂತರೆ ಒಪ್ಪಿಕೊಂಡಂತೆ, ನಿಂತರೆ ಸೊಕ್ಕು ಅನ್ನುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನನ್ನಂತೂ ಯಾರೂ ಕಳ್ಳ ಅನ್ನಲೇ ಇಲ್ಲ, ಎಲ್ಲರೂ ಹೊಗಳುತ್ತಿದ್ದರು, ಅದಕ್ಕೇ ಹೆಗಲು ಮುಟ್ಟಿಕೊಳ್ಳುವಂತಾಗಿತ್ತು. ಕೊನೆಗೆ ಸೀಟಿನ ತುದಿಯಲ್ಲಿ ಕೂತ. ಕಾರ್ಖಾನೆಯ ಯಜಮಾನರು ತಮ್ಮ ಹೆಸರು ಬಿಟ್ಟು ಇವನ ಹೆಸರು ಕಳಿಸಿದ್ದೂ ಯಾಕೋ ಗಂಟಲಲ್ಲಿ ಇಳಿಯುವಂಥದ್ದಲ್ಲ. ಅದು ಸುಮ್ಮನೆ ಕೊಡುವ ಕೈಯಲ್ಲ. ಒಂದು ರಜೆ ಕೊಡುವಾಗಲೂ ಎರಡು ಭಾನುವಾರ ಕಿತ್ತುಕೊಳ್ಳುವ ಮನುಷ್ಯ. ಗೊತ್ತಿದ್ದೇ ಮುಂದೆ ನಿಲ್ಲಿಸಿರಬಹುದೇ? ಎಲ್ಲರೆದುರು ಬಯಲಾಗಲಿ ಅಂತ? ಹಾಗೆ ಮಾಡಿದರೆ ಕಾರ್ಖಾನೆಯದೇ ಮರ್ಯಾದೆ ಹೋಗುತ್ತದಲ್ಲ ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡ, ಒಂದು ನಿಲ್ದಾಣದಷ್ಟು ದೂರ ಸಮಾಧಾನವಾಗಿದ್ದ, ಮುಂದಿನ ನಿಲ್ದಾಣದಲ್ಲಿ ಬಸ್ಸು ಗಕ್ಕನೆ ನಿಂತಾಗ ಎಲ್ಲರೂ ಮುಂದಕ್ಕೆ ವಾಲಿದರು, ಅವನ ಕೈ ಅರಿವಿಲ್ಲದೆ ಮುಂದಿನ ಸೀಟಿನ ಕಂಬಿಯನ್ನು ಹಿಡಿದು ಬೆರಳಿಂದ ಅದರ ಮೈ ಸವರಿತು. ಕಂಬಿ ನುಣ್ಣಗಿತ್ತು. ಬೆವರಿನ ಕೈಗೆ ಜಾರುತ್ತಿತ್ತು.

ನುಣ್ಣಗಿರಬೇಕು ಎಂದೇ ಅವನು ನಕ್ಷೆಯಲ್ಲಿ ಬರೆದಿದ್ದ. ಹಗ್ಗ ಕಡಿದರೆ ಲಿಫ್ಟಿನ ಪೆಟ್ಟಿಗೆ ಕೆಳಗೆ ಬೀಳದ ಹಾಗೆ ಎರಡು ಕಡೆಯ ಹಳಿಗಳನ್ನು ಕಚ್ಚಿ ಹಿಡಿಯುವ ಉಕ್ಕಿನ ಬೆಣೆ ಅದು. ಹಿಡಿಯುವ ಮುಖ ಕನ್ನಡಿಯಂತಿರಬೇಕು, ಆಗ ಒಳಗಿದ್ದವರಿಗೆ ಧಕ್ಕೆಯಾಗದೆ ಪೆಟ್ಟಿಗೆ ನಿಧಾನ ನಿಲ್ಲುತ್ತದೆ ಎಂಬುದೇ ಅವನ ಲೆಕ್ಕ. ಎಂಟು ವರ್ಷದ ಹಿಂದೆ ಕಾರ್ಖಾನೆಯ ಹೊಸ ಪರೀಕ್ಷಾ ಟವರಿನಲ್ಲಿ ಅದನ್ನು ಬೀಳಿಸಿ ನೋಡಿದಾಗ ಹಾಗೆಯೇ ನಿಂತಿತ್ತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ, ತಪಾಸಣೆಗೆಂದು ಬಿಚ್ಚಿಟ್ಟಿದ್ದ ಬೆಣೆಯೊಂದನ್ನು ಅವನು ಸುಮ್ಮನೆ ಕೈಗೆತ್ತಿಕೊಂಡ. ಮುಖ ನುಣ್ಣಗಿರಲಿಲ್ಲ. ಉಕ್ಕು ಉಜ್ಜುವ ಅರದಿಂದ ಎಳೆದ ಏಳು ಓರೆ ಗೀರುಗಳಿದ್ದವು, ಒಂದರಿಂದ ಒಂದಕ್ಕೆ ಕೂದಲೆಳೆಯ ವ್ಯತ್ಯಾಸವಿಲ್ಲದೆ. ಎದುರಿಗೆ ಹಿರಿಯ ಫಿಟ್ಟರ್ ಬಟ್ಟೆಯ ತುಂಡಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಮಾತು ಕಡಮೆಯ ಮನುಷ್ಯ, ಎಲ್ಲರೂ ಗುಮ್ಮಣ್ಣ ಅಂತಲೇ ಕರೆಯುತ್ತಿದ್ದರು. ಗುಮ್ಮಣ್ಣ ಇವನ ಮುಖ ನೋಡಿದ, ಇವನು ಗುಮ್ಮಣ್ಣನ ಮುಖ ನೋಡಿದ. ಕ್ಷಣಾರ್ಧದಲ್ಲಿ ಅವನಿಗೆ ಎಲ್ಲವೂ ಹೊಳೆದಿತ್ತು. ಎಣ್ಣೆ. ಹೊಸ ಟವರಿನ ಹಳಿಗೆ ಆಗಿನ್ನೂ ಎಣ್ಣೆ ಹಚ್ಚಿರಲಿಲ್ಲ. ಜನ ಓಡಾಡುವ ಎಲ್ಲ ಲಿಫ್ಟುಗಳ ಹಳಿಗೂ ಎಣ್ಣೆ ಇರುತ್ತದೆ. ಇಡೀ ಲೆಕ್ಕವನ್ನು ಅವನು ಒಣ ಹಳಿಗೆ ಮಾಡಿದ್ದ. ಎಣ್ಣೆಯ ಮೇಲೆ ಆ ನುಣ್ಣನೆಯ ಬೆಣೆ ಹಿಡಿಯದೆ ಜಾರಿದ್ದನ್ನು ಗುಮ್ಮಣ್ಣ ಒಬ್ಬನೇ ಕಂಡಿರಬೇಕು, ಎಣ್ಣೆ ಹರಿದುಹೋಗಲು ದಾರಿ ಕೊರೆದಿರಬೇಕು. ಆ ಎಂಟು ವರ್ಷದಲ್ಲಿ ಮುನ್ನೂರು ಲಿಫ್ಟುಗಳು ಹೊರಗೆ ಹೋಗಿವೆ, ಮುನ್ನೂರನ್ನೂ ಹಿಡಿದಿರುವುದು ಆ ಅರ. ಅವನು ಬೆಣೆಯನ್ನು ಬೋರಲು ಹಾಕಿ, "ಸರಿ ಇದೆ, ಜೋಡಿಸಿ" ಅಂದ. ಅಷ್ಟೇ ಅಂದದ್ದು. ಗುಮ್ಮಣ್ಣ "ಹೂಂ ಸರ್" ಅಂದ.

ಆ ವಾರವೇ ನಕ್ಷೆ ತಿದ್ದಬೇಕೆಂದು ತಿದ್ದುಪಡಿಯ ಹಾಳೆ ತೆಗೆದುಕೊಂಡದ್ದುಂಟು. ಅದರಲ್ಲಿ 'ಬದಲಾವಣೆಗೆ ಕಾರಣ' ಎಂಬ ಖಾನೆ ಇತ್ತು. ಏನು ಬರೆಯುವುದು, ಎಣ್ಣೆ ಮರೆತೆ ಅಂತಲೇ? ಮೊದಲ ವರ್ಷದ ವಿದ್ಯಾರ್ಥಿಯೂ ಮರೆಯದ ಎಣ್ಣೆ. ಭಾನುವಾರಗಳೆಲ್ಲ ಕೂತು ಆ ಗೀರುಗಳ ಲೆಕ್ಕ ಮಾಡಿದ. ಓರೆ ಎಷ್ಟು, ಆಳ ಎಷ್ಟು, ಏಳೇ ಯಾಕೆ, ಎಂಟು ಯಾಕಲ್ಲ. ಲೆಕ್ಕ ಮಾಡಿದಷ್ಟೂ ಅರ ಹಿಡಿದ ಕೈಯೇ ಸರಿ ಎಂದು ಬರುತ್ತಿತ್ತು. ಆ ಹಾಳೆಗಳನ್ನು ಮಡಚಿ ಕಪಾಟಿನಲ್ಲಿಟ್ಟ. ಗುಮ್ಮಣ್ಣನಿಗೆ ಒಂದು ಥ್ಯಾಂಕ್ಸ್ ಹೇಳೋಣವೆಂದರೆ, ಹೇಳಿದರೆ ಒಪ್ಪಿಕೊಂಡ ಹಾಗೆ. ಬಿಸಿ ತುಪ್ಪ, ಉಗುಳುವ ಹಾಗಿಲ್ಲ ನುಂಗುವ ಹಾಗಿಲ್ಲ. ಜೊತೆಗೆ ಫಿಟ್ಟಿಂಗ್ ವಿಭಾಗದ ಗೋಡೆಯ ಮೇಲೆ ಕೆಂಪಕ್ಷರದ ಬೋರ್ಡೊಂದಿತ್ತು: ಸುರಕ್ಷತೆಯ ಯಾವ ಭಾಗವನ್ನೂ ಲಿಖಿತ ಆದೇಶವಿಲ್ಲದೆ ಬದಲಿಸಿದವರನ್ನು ಅದೇ ದಿನ ಕೆಲಸದಿಂದ ತೆಗೆಯಲಾಗುವುದು. ಸುಮ್ಮನೆ ಹೆದರಿಸಲು ಹಾಕಿದ ಬೋರ್ಡಲ್ಲ. ಬಾಗಿಲಿನ ಚೌಕಟ್ಟಿಗೆ ತಾನಾಗಿ ಒಂದು ತೂತು ಜಾಸ್ತಿ ಕೊರೆದ ವೆಲ್ಡರನನ್ನು ಊಟದ ಗಂಟೆಗೆ ಮುಂಚೆಯೇ ಗೇಟಿನಾಚೆ ಕಳಿಸಿದ್ದರು, ಅವನ ಊಟದ ಡಬ್ಬಿ ಒಳಗೇ ಉಳಿದಿತ್ತು. ನಾನು ಸುಮ್ಮನಿರುವುದು ಗುಮ್ಮಣ್ಣನ ಒಳ್ಳೆಯದಕ್ಕೇ ಎಂದು ಅವನು ಅಂದುಕೊಳ್ಳುತ್ತಿದ್ದ, ದಿನಕ್ಕೊಂದು ಸಲವಾದರೂ.

ಪತ್ರ ಬಂದ ಮೇಲೆ ಆ ಸಮಾಧಾನವೂ ಕೆಟ್ಟಿತು. ಗುಮ್ಮಣ್ಣ ತೀರ್ಪುಗಾರರ ಮುಂದೆ ಬಾಯಿ ಬಿಟ್ಟರೆ? ಕೇಳದೆ ಮಾತಾಡುವವನಲ್ಲ, ಆದರೆ ಕೇಳುವವರು ಬರುತ್ತಿದ್ದಾರಲ್ಲ. ಸೋಮವಾರ ಬೆಳಿಗ್ಗೆ ಅವನನ್ನು ಕರೆದು, ಒಂದು ದಿನದ ದಾರಿಯ ಊರಿನ ಹೆಸರು ಹೇಳಿ, ಅಲ್ಲೊಂದು ಆಫೀಸು ಕಟ್ಟಡದ ಲಿಫ್ಟಿನ ಬಾಗಿಲು ಸದ್ದು ಮಾಡುತ್ತಿದೆಯಂತೆ, ಹೋಗಿ ಬನ್ನಿ ಅಂದ. "ಗುರುವಾರ ಹೋದ್ರೆ ಆಗಲ್ವಾ ಸರ್? ಬುಧವಾರ ಅವರು ಬರ್ತಾರಲ್ಲ" ಅಂದ ಗುಮ್ಮಣ್ಣ. ಅವನ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದೇ ಅಪರೂಪ. "ಇಲ್ಲಿ ನಿಮಗೇನು ಕೆಲಸ? ಎಲ್ಲಾ ರೆಡಿ ಇದೆಯಲ್ಲ." "ರೆಡಿ ಇದೆ" ಅಂದು ಗುಮ್ಮಣ್ಣ ಇವನನ್ನು ಸ್ವಲ್ಪ ಹೊತ್ತು ನೋಡಿ, ಸಂಜೆಯ ಬಸ್ಸಿಗೆ ಹೋದ. ಮಂಗಳವಾರ ಪ್ರಶಸ್ತಿಯ ಆಫೀಸಿನವರು ಬಂದು, ಪ್ರದರ್ಶನದ ಪೆಟ್ಟಿಗೆಗೆ ಸ್ಟೋರಿನಿಂದ ಹೊಸ ಬೆಣೆಗಳನ್ನೇ ಹಾಕಿಸಿ, ಬ್ರೇಕಿನ ಮುಚ್ಚಳಕ್ಕೆ ಕಾಗದದ ಸೀಲು ಅಂಟಿಸಿ ಹೋದರು. ಹೊಸ ಬೆಣೆ ಎಂಬ ಮಾತು ಅವನ ತಲೆಗೆ ಹೋದದ್ದು ಸೀಲು ಬಿದ್ದ ಮೇಲೆ.

ಬುಧವಾರ, ಅಂದರೆ ಇವತ್ತು, ಗೇಟಿನೊಳಗೆ ಕಾಲಿಟ್ಟವನೇ ನೇರ ಟವರಿಗೆ ಹೋಗಿ, ಬೆಣೆ ಜೋಡಿಸಿದ ಎರಡನೆಯ ಫಿಟ್ಟರನನ್ನು ಹಿಡಿದ. ಅವನೊಬ್ಬ ಹಸನ್ಮುಖಿ, ಬಾಯಲ್ಲಿ ಸದಾ ಏನಾದರೂ ಅಗಿಯುತ್ತಿರುತ್ತಾನೆ. "ಬೆಣೆ ಎಲ್ಲಿಂದ ತಗೊಂಡ್ರಿ?" "ಸ್ಟೋರಿಂದ ಸರ್. ಹೊಸದು, ಬಟ್ಟೆ ಸುತ್ತಿಟ್ಟಿದ್ರು." "ಹಾಗೇ ಹಾಕಿದ್ರಾ?" "ಹಾಗೇ ಹಾಕ್ದೆ. ಯಾಕ್ ಸರ್?" ಯಾಕೆ ಎಂಬುದಕ್ಕೆ ಅವನ ಬಳಿ ಉತ್ತರವಿತ್ತು, ನಾಲಗೆಯ ತುದಿಗೂ ಬಂದಿತ್ತು. ಗೀರು ಇತ್ತಾ ಎಂಬ ಎರಡೇ ಮಾತು. ಆದರೆ ನಕ್ಷೆಯಲ್ಲಿಲ್ಲದ ಗೀರಿನ ಸಂಗತಿ ನಕ್ಷೆಗೆ ಸಹಿ ಹಾಕಿದವನಿಗೆ ಹೇಗೆ ಗೊತ್ತು? "ಏನಿಲ್ಲ, ಕೇಳ್ದೆ" ಅಂದ. ಎರಡನೆಯ ಫಿಟ್ಟರ್ ನಗುತ್ತ ಅಗಿಯುತ್ತಿದ್ದ. ಮರಳುಮೂಟೆ ಹಾಕಿ ಬೀಳಿಸುತ್ತಾರೆ, ಜಾರಿದರೆ ಮರಳು ತಾನೆ, ಮನುಷ್ಯರಲ್ಲವಲ್ಲ ಎಂದುಕೊಂಡ. ಜಾರಿದರೆ ಪ್ರಶಸ್ತಿ ಹೋಗುತ್ತದೆ, ಜೊತೆಗೆ ಮುನ್ನೂರು ಲಿಫ್ಟುಗಳ ಮೇಲಿರುವ ಅವನ ಹೆಸರೂ ಹೋಗುತ್ತದೆ.

ತೀರ್ಪುಗಾರರು ಮೂವರು ಬಂದರು. ಮುಖ್ಯಸ್ಥೆ ನಿವೃತ್ತ ಪ್ರೊಫೆಸರ್, ಕತ್ತರಿಸಿದ ಬಿಳಿಗೂದಲು, ಕಾಲಲ್ಲಿ ಕ್ಯಾನ್ವಾಸ್ ಬೂಟು. ಉಳಿದಿಬ್ಬರು ಬಿಸ್ಕತ್ತು ತಿನ್ನುತ್ತ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು. ಪ್ರೊಫೆಸರ್ ಕುರ್ಚಿಯಲ್ಲಿ ಕೂತು ತೊಡೆಯ ಮೇಲೆ ಅವನ ನಕ್ಷೆ ಹರಡಿಕೊಂಡು ಬೆರಳಿಟ್ಟು ಓದುತ್ತಿದ್ದರು. ಅವರ ಪಕ್ಕದಲ್ಲಿ ನಕ್ಷೆ ಅಕ್ಕ ನಿಂತಿದ್ದಳು. ಹದಿನೈದು ವರ್ಷದಿಂದ ಕಾರ್ಖಾನೆಯ ಎಲ್ಲ ನಕ್ಷೆಗಳನ್ನು ಬರೆಯುವವಳು ಅವಳೇ ಆದ್ದರಿಂದ ಆ ಹೆಸರು. ಯಜಮಾನರು ಗಂಟಲು ಸರಿಮಾಡಿಕೊಂಡು, "ನಮ್ಮಲ್ಲೊಂದು ಪದ್ಧತಿ ಇದೆ ಮೇಡಂ. ನಮ್ಮ ತಂದೆಯವರ ಕಾಲದಿಂದ ಬಂದದ್ದು. ಸಹಿ ಹಾಕಿದವನೇ ಸವಾರಿ ಮಾಡಬೇಕು. ಹೊರಗಿನವರಿಗೆ ಬ್ರೇಕು ತೋರಿಸುವಾಗ ಅದನ್ನು ಮಾಡಿದವನೇ ಒಳಗಿರ್ತಾನೆ" ಅಂದರು. ಬಿಸ್ಕತ್ತಿನವರು ಅಗಿಯುವುದನ್ನು ನಿಲ್ಲಿಸಿದರು. ಅದು ಸುಳ್ಳಲ್ಲ, ಎಂಟು ವರ್ಷದ ಹಿಂದೆ ಒಣ ಹಳಿಯ ಮೇಲೆ ಅವನೇ ಸವಾರಿ ಮಾಡಿ ಕೈ ಬೀಸುತ್ತ ಹೊರಗೆ ಬಂದಿದ್ದ. ಆಮೇಲೆ ಹೊರಗಿನವರಿಗೆ ತೋರಿಸುವ ಪ್ರಸಂಗವೇ ಬರದೆ ಆ ಪದ್ಧತಿ ಅವನಿಗೆ ಮರೆತೇಹೋಗಿತ್ತು. "ಏನಪ್ಪಾ, ರೆಡಿನಾ?" ಅಂದರು ಯಜಮಾನರು ಬೆನ್ನು ತಟ್ಟಿ. ತಟ್ಟಿದರೋ ತಳ್ಳಿದರೋ ಗೊತ್ತಾಗಲಿಲ್ಲ. "ರೆಡಿ" ಅಂದ.

ಪೆಟ್ಟಿಗೆಯೊಳಗೆ ಆರು ಜನರ ತೂಕದ ಮರಳುಮೂಟೆಗಳಿದ್ದವು, ಅವುಗಳ ಮಧ್ಯೆ ಅವನೊಬ್ಬ. ಬಾಗಿಲು ಮುಚ್ಚಿತು, ಪೆಟ್ಟಿಗೆ ಮೇಲೇರತೊಡಗಿತು. ನಾಲ್ಕನೆಯ ಮಹಡಿಯ ಎತ್ತರಕ್ಕೆ ಒಯ್ದು, ಹಗ್ಗದ ಕೊಕ್ಕೆ ಬಿಡಿಸುತ್ತಾರೆ. ಎರಡನೆಯ ಫಿಟ್ಟರನ ಮಾತು ಕಿವಿಯಲ್ಲಿ ಕೂತಿತ್ತು: ಹಾಗೇ ಹಾಕ್ದೆ. ಗುಮ್ಮಣ್ಣ ಸೋಮವಾರ ಅಷ್ಟು ಹೊತ್ತು ನೋಡಿದ್ದು ಯಾಕೆ? ರೆಡಿ ಇದೆ ಅಂದಾಗ ತುಟಿಯ ಒಂದು ಕಡೆ ಅಲುಗಿತಲ್ಲ, ನಕ್ಕನೇ? ನಕ್ಕಿದ್ದರೂ ತಪ್ಪೇನು, ಬೇಕೆಂದೇ ಅವನನ್ನು ದೂರ ಅಟ್ಟಿದ್ದು ಮಗುವಿಗೂ ತಿಳಿಯುತ್ತಿತ್ತು. ಅವನು ಬೇರೇನೂ ಮಾಡಬೇಕಾಗಿಲ್ಲ, ಅರವನ್ನು ಮುಟ್ಟದೆ ಬಸ್ಸು ಹತ್ತಿದರೆ ಸಾಕು. ನಾಳೆ ಯಾರೂ ಅವನತ್ತ ಬೆರಳು ತೋರಿಸುವಂತಿಲ್ಲ, ನಕ್ಷೆಯಲ್ಲಿದ್ದದ್ದು ಇದ್ದ ಹಾಗೇ ಇದೆ. ತನ್ನನ್ನು ಸಾಯಿಸಲು ತನ್ನ ನಕ್ಷೆಯೇ ಸಾಕು. ಎರಡನೆಯ ಮಹಡಿ ದಾಟಿತು. ಅಂಗೈ ಒದ್ದೆಯಾಗಿ ಅದನ್ನು ಮರಳುಮೂಟೆಗೆ ಒರೆಸಿದ. ಕೆಳಗೆ ಸ್ಪ್ರಿಂಗ್ ಇದೆ, ಕಾಲು ಮುರಿಯಬಹುದು, ಸೊಂಟ ಹೋಗಬಹುದು. ಸೊಂಟ ಹೋದವನಿಗೆ ಪ್ರಶಸ್ತಿ ಕೊಡುತ್ತಾರೆಯೇ ಎಂಬ ಯೋಚನೆ ಬಂದು, ಇಂಥ ಹೊತ್ತಲ್ಲೂ ಅದೇ ಬಂತಲ್ಲ ಎಂದು ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಮೂರನೆಯ ಮಹಡಿ. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು. ಪೆಟ್ಟಿಗೆ ನಿಂತಿತು, ಮೇಲೆಲ್ಲೋ ಕೊಕ್ಕೆಯ ಹತ್ತಿರ ಕಬ್ಬಿಣ ಕಿರ್ರೆಂದಿತು. ಅವನ ಕೈ ಪೆಟ್ಟಿಗೆ ನಿಲ್ಲಿಸುವ ಕೆಂಪು ಗುಂಡಿಯನ್ನು ಒತ್ತಿತ್ತು. "ಬೇಡ, ಕೆಳಗಿಳಿಸಿ" ಎಂದು ಕೂಗಿದ ದನಿ ತನ್ನದೇ ಎಂದು ನಂಬುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಬಾಗಿಲು ತೆಗೆದಾಗ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. "ಸೀಲ್ ಒಡೀಬೇಕು" ಅಂದ. "ಬೆಣೆಗೆ ಗೀರು ಹಾಕಿದೆಯೋ ಇಲ್ಲವೋ ನೋಡಬೇಕು." ಯಜಮಾನರ ಮುಖ ಬಿಳಚಿಕೊಂಡಿತು. ಪ್ರೊಫೆಸರ್ ತೊಡೆಯ ಮೇಲಿನ ಹಾಳೆಯನ್ನು ಒಮ್ಮೆ ನೋಡಿ, "ಯಾವ ಗೀರು? ಇಲ್ಲಿ ನುಣ್ಣಗಿರಬೇಕು ಅಂತಿದೆಯಲ್ಲ" ಅಂದರು. ಆಗ ನಕ್ಷೆ ಅಕ್ಕ, ಇದೇನು ದೊಡ್ಡ ವಿಷಯ ಅನ್ನುವ ಹಾಗೆ, "ಫಿಟ್ಟರ್ ಗುಮ್ಮಣ್ಣ ಹಾಕಿರ್ತಾರೆ ಸರ್, ಯಾವತ್ತು ಬಿಟ್ಟಿದಾರೆ? ಸೋಮವಾರ ಮಧ್ಯಾಹ್ನ ಊಟ ಬಿಟ್ಟು ಅದನ್ನೇ ಉಜ್ತಾ ಕೂತಿದ್ರಲ್ಲ, ಆಮೇಲೆ ಬಟ್ಟೆ ಸುತ್ತಿ ಸ್ಟೋರಿಗೆ ಕೊಟ್ಟು ಹೋದ್ರು" ಅಂದಳು. "ನಕ್ಷೇಲಿ ಇಲ್ವಲ್ಲ ಅಂತ ನಾನೇ ಒಂದ್ಸಲ ಕೇಳಿದ್ದೆ ಮೇಡಂ. ಸಾಹೇಬ್ರು ಬಾಯಲ್ಲಿ ಹೇಳಿದಾರೆ ಅಂದ್ರು. ಇಲ್ಲಿ ಎಲ್ಲರಿಗೂ ಗೊತ್ತಿರೋದೇ." ಎರಡನೆಯ ಫಿಟ್ಟರ್ ಹೌದೆಂದು ತಲೆಯಾಡಿಸಿದ. ಅವನಿಗೂ ಬಟ್ಟೆ ಬಿಚ್ಚಿದಾಗ ಗೀರು ಕಂಡಿತ್ತು, ಯಾವಾಗಲೂ ಇರುವುದೇ ಆದ್ದರಿಂದ ಹೇಳುವಂಥದ್ದೇನೂ ಅನ್ನಿಸಿರಲಿಲ್ಲ. ಮೂರು ವರ್ಷ ಇವನು ಎದೆಯಲ್ಲಿ ಬಚ್ಚಿಟ್ಟುಕೊಂಡ ಗುಟ್ಟು ಕಾರ್ಖಾನೆಯಲ್ಲಿ ಗುಟ್ಟೇ ಆಗಿರಲಿಲ್ಲ. ಸೀಲು ಒಡೆದು ಮುಚ್ಚಳ ತೆಗೆದರು. ಏಳು ಗೀರುಗಳು ಇದ್ದವು.

ಪ್ರೊಫೆಸರ್ ಬಗ್ಗಿ, ಕನ್ನಡಕ ಹಣೆಗೇರಿಸಿ, ಉಗುರಿನಿಂದ ಒಂದೊಂದು ಗೀರನ್ನೂ ಮುಟ್ಟಿ ನೋಡಿದರು. "ಇದು ನೀವು ಹೇಳಿ ಮಾಡಿಸಿದ್ದಾ, ಇಲ್ಲ ಅವರಾಗಿ ಮಾಡಿದ್ದಾ?" ಎಂದು ಕೇಳಿದರು. ಕೇಳಿದ ರೀತಿಯಲ್ಲಿ ಯಾವ ಬಲೆಯೂ ಇರಲಿಲ್ಲ. ಯಜಮಾನರು ಮಾತ್ರ ಪಕ್ಕದ ಫಿಟ್ಟಿಂಗ್ ವಿಭಾಗದ ಗೋಡೆಯ ಕೆಂಪಕ್ಷರದ ಬೋರ್ಡಿನ ಕಡೆ ನೋಡುತ್ತಿದ್ದರು. ಅವರಾಗಿ ಮಾಡಿದ್ದು ಅಂದರೆ ಗುಮ್ಮಣ್ಣ ಬಸ್ಸಿಳಿದು ಬರುವ ಹೊತ್ತಿಗೆ ಕೆಲಸವಿರುವುದಿಲ್ಲ. ಅದಕ್ಕೇ ಅಲ್ಲವೇ ಅವನೂ ಎಂಟು ವರ್ಷ ಸಾಹೇಬರ ಹೆಸರು ಹೇಳಿಕೊಂಡು ಬಂದದ್ದು? ಇವನು ಅವನ ಕೈಯ ಹಿಂದೆ ಅಡಗಿದ್ದ, ಅವನು ಇವನ ಬಾಯಿಯ ಹಿಂದೆ. "ನಾನೇ ಹೇಳಿದ್ದು" ಅಂದ. ಅಂದು ನಿರಾಳವಾಯಿತು. ಒಬ್ಬನ ಅನ್ನ ಉಳಿಸಿದೆನಲ್ಲ ಎಂದು ಕಣ್ಣು ತೇವವೂ ಆಯಿತು. ಯಾಕೆ ಓರೆ, ಯಾಕೆ ಏಳು ಎಂದು ಪ್ರೊಫೆಸರ್ ಕೇಳಿದಾಗ ಅಷ್ಟೂ ಭಾನುವಾರಗಳ ಲೆಕ್ಕ ತಡವರಿಸದೆ ಬಾಯಿಗೆ ಬಂತು. ಎಣ್ಣೆಯ ಪದರ, ಅದು ಹರಿಯುವ ದಾರಿ, ಎಂಟಾದರೆ ಬೆಣೆ ಬೇಗ ಸವೆಯುವುದು. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಬರೆದು ತೋರಿಸಿದ. ಹೇಳುತ್ತ ಹೇಳುತ್ತ ಅದು ತನ್ನದೇ ಎಂದು ಅವನಿಗೂ ಅನ್ನಿಸತೊಡಗಿತ್ತು. "ನಕ್ಷೆಯಲ್ಲಿ ಇರೋದು ಸಾಧಾರಣ ಕೆಲಸ ಕಣ್ರೀ" ಅಂದರು ಪ್ರೊಫೆಸರ್, ಮೊದಲ ಸಲ ನಕ್ಕು. "ಪ್ರಶಸ್ತಿ ಅನ್ನೋದಾದ್ರೆ ಈ ಗೀರಿಗೆ." ಆಮೇಲೆ ತಮ್ಮ ಫಾರಂ ತೆರೆದು, ಪೆನ್ನಿನ ಮುಚ್ಚಳ ಕಚ್ಚಿಕೊಂಡು, "ಇಲ್ಲೊಂದು ಖಾನೆ ಇದೆ. ಜೊತೆಗೆ ಕೆಲಸ ಮಾಡಿದವರು ಅಂತ. ಆ ಫಿಟ್ಟರ್ ಹೆಸರು ಬರೀಲಾ? ನೀವು ಹೇಳಿದ ಹಾಗೆ ಮಾಡಿದ್ರು ಅಂತಲೇ ಬರೆಯೋಣ" ಅಂದರು.

ಇಲ್ಲಿ ಯಾರ ಕೆಲಸವೂ ಹೋಗುತ್ತಿರಲಿಲ್ಲ. ಬೋರ್ಡಿನ ಮಾತು ಆಗಲೇ ಮುಗಿದಿತ್ತು, ಹೌದು ಅನ್ನುವುದಕ್ಕೆ ಉಸಿರೂ ಬೇಕಾಗಿರಲಿಲ್ಲ. ಆದರೆ ಹೆಸರು ಬಂದರೆ ಕರೆಯುತ್ತಾರೆ, ವೇದಿಕೆಗೆ ಹತ್ತಿಸುತ್ತಾರೆ, ಯಾರಾದರೂ ಇದು ಹೇಗೆ ಹೊಳೆಯಿತು ಅಂತ ಕೇಳುತ್ತಾರೆ, ಗುಮ್ಮಣ್ಣ ಏನು ಹೇಳುತ್ತಾನೋ. ಇನ್ನೂ ಅನುಮಾನ. ತನ್ನ ಪ್ರಾಣವನ್ನು ಊಟ ಬಿಟ್ಟು ಉಜ್ಜಿ, ಬಟ್ಟೆ ಸುತ್ತಿಟ್ಟು ಹೋದವನ ಮೇಲೆ. "ಬೇಡಿ ಮೇಡಂ, ಹೇಳಿದ್ದನ್ನು ಮಾಡಿದಾರೆ ಅಷ್ಟೆ. ಅವರಿಗೆ ಅದೆಲ್ಲ ಇಷ್ಟ ಆಗಲ್ಲ" ಅಂದ. ಪ್ರೊಫೆಸರ್ ಆ ಖಾನೆಗೆ ಅಡ್ಡಗೆರೆ ಎಳೆದರು. ನಕ್ಷೆ ಅಕ್ಕ ಹರಡಿದ್ದ ನಕ್ಷೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಅವನ ಕಡೆ ನೋಡದೆ ತನ್ನ ಮೇಜಿಗೆ ಹೋದಳು. ಅವನು ಮತ್ತೆ ಪೆಟ್ಟಿಗೆ ಹತ್ತಿದ, ಕೊಕ್ಕೆ ಬಿಡಿಸಿದರು, ಒಂದೇ ಉಸಿರಿನಲ್ಲಿ ಪೆಟ್ಟಿಗೆ ನಿಂತಿತು. ಕೆಳಗೆ ಚಪ್ಪಾಳೆ ಕೇಳಿಸಿತು. ಬಿಸ್ಕತ್ತಿನವರು ಕೈ ಕುಲುಕಿದರು, ಯಜಮಾನರು ತಬ್ಬಿಕೊಂಡರು.

ಅವರೆಲ್ಲ ಹೋದ ಮೇಲೆ ಮಧ್ಯಾಹ್ನ ಮೇಜಿನ ಫೋನು ಬಡಿದುಕೊಂಡಿತು. ಎತ್ತಿದಾಗ ಬಸ್ ನಿಲ್ದಾಣದ ಗದ್ದಲದ ನಡುವೆ ಗುಮ್ಮಣ್ಣನ ದನಿ. "ಹಿಡೀತಾ ಸರ್?" "ಹಿಡೀತು. ಒಂದು ಗೇಣಿನೊಳಗೆ ನಿಂತು ಹೋಯ್ತು." "ಹೂಂ" ಅಂದ ಗುಮ್ಮಣ್ಣ. "ಇಲ್ಲಿ ಬಾಗಿಲಿಗೆ ಏನೂ ಆಗಿರ್ಲಿಲ್ಲ. ಹೊರಟಿದೀನಿ." ಆ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಅವನು ಹುಡುಕಿದ, ಸಿಗಲಿಲ್ಲ. ನಿಮ್ಮ ಗೀರಿಗೇ ಪ್ರಶಸ್ತಿ ಎಂದು ಈಗ ಹೇಳಿಬಿಡಬಹುದಿತ್ತು, ಕೇಳಿಸಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. "ಸರಿ, ಹುಷಾರಾಗಿ ಬನ್ನಿ" ಅಂದ. ಗುಮ್ಮಣ್ಣ ಫೋನು ಇಡಲಿಲ್ಲ. ಎಂಟು ವರ್ಷದಲ್ಲಿ ಒಂದು ರಜೆಯನ್ನೂ ಬಾಯಿಬಿಟ್ಟು ಕೇಳದವನು ಈಗ ಕೇಳಿದ.

"ನನ್ನ ಹೆಸರೇನಾದ್ರೂ ಬಂತಾ ಸರ್?"

ಬೋರ್ಡಿನ ಭಯದಿಂದ ಕೇಳುತ್ತಿದ್ದಾನೆ, ಪಾಪ, ಎಂದುಕೊಂಡ ಅವನು. ಹಾಗೆಂದು ಗಟ್ಟಿಯಾಗಿ ಅಂದುಕೊಂಡ. "ಇಲ್ಲ, ಎಲ್ಲೂ ಬರಲಿಲ್ಲ. ನೀವೇನೂ ಯೋಚನೆ ಮಾಡಬೇಡಿ" ಅಂದ. ಆ ಕಡೆ ಒಂದು ಬಸ್ಸು ಹೊರಟ ಸದ್ದು, ಯಾರೋ ಯಾರನ್ನೋ ಕೂಗಿದ ಸದ್ದು. ಅವನು ಫೋನನ್ನು ಕಿವಿಗೆ ಒತ್ತಿಕೊಂಡು, ಬರುವ ಉತ್ತರದಲ್ಲಿ ಸಮಾಧಾನದ ಉಸಿರೊಂದಿರಲಿ, ಒಂದೇ ಒಂದು ಉಸಿರು ಎಂದು ಕಾದ.

"ಆಯ್ತು ಸರ್" ಅಂದ ಗುಮ್ಮಣ್ಣ. ಅದರಲ್ಲಿ ಸಮಾಧಾನ ಇರಲಿಲ್ಲ.